ಇಬ್ಬರು ಉಪಾಧ್ಯಾಯರು, ಒಂದು ಉಲ್ಲೇಖ

ಸಂಶೋಧನಾ ಪ್ರಕಟಣೆಯಲ್ಲಿ ಹೆಣ್ಣು–ಗಂಡೆಂಬ ಭೇದವನ್ನು ಜರ್ನಲ್‌ನ ಬಾಗಿಲಲ್ಲೇ ಹುಡುಕುವುದು ರೂಢಿ. ಆದರೆ ಅದು ಹೆಚ್ಚಾಗಿ ಕೂತಿರುವುದು ಲೇಖನ ಬಾಗಿಲಿಗೆ ಬರುವ ಮೊದಲಿನ ದಾರಿಯಲ್ಲಿ, ಮತ್ತು ಅಚ್ಚಾಗಿ ಹೊರಬಂದ ನಂತರದ ದಾರಿಯಲ್ಲಿ.

ತುಳುನಾಡಿನ ಭೂತಾರಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಕೂತವರು ಒಂದು ಪುಸ್ತಕವನ್ನು ದಾಟಿ ಹೋಗುವುದು ಕಷ್ಟ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿರುವ ಜನಪದ ರಂಗಕಲೆಗಳ ಕೇಂದ್ರ 1984ರಲ್ಲಿ ಪ್ರಕಟಿಸಿದ 'ಭೂತ ವರ್ಶಿಪ್: ಆಸ್ಪೆಕ್ಟ್ಸ್ ಆಫ್ ಎ ರಿಚುಅಲಿಸ್ಟಿಕ್ ಥಿಯೇಟರ್' ಆ ಪುಸ್ತಕ. ಬರೆದವರು ಇಬ್ಬರು: ಯು.ಪಿ. ಉಪಾಧ್ಯಾಯ ಮತ್ತು ಸುಶೀಲಾ ಪಿ. ಉಪಾಧ್ಯಾಯ. ಕಾಪು ಬಳಿಯ ಮಜೂರಿನ ಪದ್ಮನಾಭ ಉಪಾಧ್ಯಾಯರು ಆರು ಸಂಪುಟಗಳ ತುಳು ನಿಘಂಟಿನ ಪ್ರಧಾನ ಸಂಪಾದಕರಾಗಿ ನಾಡಿಗೆಲ್ಲ ಪರಿಚಿತರು. 1988ರಿಂದ 1997ರವರೆಗೆ ಒಂದೊಂದಾಗಿ ಹೊರಬಂದ ಆ ಸಂಪುಟಗಳ ಕೆಲಸ ನಡೆದದ್ದೂ ಅದೇ ಎಂಜಿಎಂ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ. ಅವರ ಪತ್ನಿ ಸುಶೀಲಾ ಸ್ವತಃ ಭಾಷಾವಿಜ್ಞಾನಿ. ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯನ್ನು ವಿದ್ವತ್ತಿನ ಶಿಸ್ತಿನಿಂದ ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬರು. ದ್ರಾವಿಡ ಭಾಷೆಗಳನ್ನೂ ಆಫ್ರಿಕದ ಭಾಷೆಗಳನ್ನೂ ಹೋಲಿಸಿ ಬರೆದ ಪುಸ್ತಕದಲ್ಲೂ ದಂಪತಿಯ ಹೆಸರು ಒಟ್ಟಿಗೇ ಇದೆ.

ಈಗ ಈ 1984ರ ಪುಸ್ತಕವನ್ನು ಇವತ್ತಿನ ಜರ್ನಲ್ ಶೈಲಿಯಲ್ಲಿ ಉಲ್ಲೇಖಿಸಬೇಕು ಎಂದಿಟ್ಟುಕೊಳ್ಳಿ. ಕಂಸದೊಳಗೆ ಬರುವುದು ಇಷ್ಟೇ: ಉಪಾಧ್ಯಾಯ ಮತ್ತು ಉಪಾಧ್ಯಾಯ, 1984. ಮುಖಪುಟದಲ್ಲಿ ಸ್ಪಷ್ಟವಾಗಿದ್ದ ಸುಶೀಲಾ ಎಂಬ ಹೆಸರು ಇಲ್ಲಿಲ್ಲ. ಅವಸರದ ಕೈ ಇನ್ನೂ ಒಂದಿಷ್ಟು ಚುಟುಕು ಮಾಡಿತೋ, 'ಉಪಾಧ್ಯಾಯ, 1984' ಎಂದಾಗಿಬಿಡುತ್ತದೆ. ಓದುವವರ ತಲೆಯಲ್ಲಿ ಆಗ ಮೂಡುವುದು ಒಬ್ಬರ ಚಿತ್ರ. ಆ ಒಬ್ಬರು ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ 'ನಿಘಂಟಿನ ಉಪಾಧ್ಯಾಯರು' ಎಂದಾರು. ಸುಶೀಲಾ ಅವರನ್ನು ಬದಿಗೆ ಸರಿಸಬೇಕೆಂದು ಇಲ್ಲಿ ಯಾರೂ ಹೊರಟಿಲ್ಲ. ಉಲ್ಲೇಖದ ನಿಯಮ ರೂಪಿಸಿದವರಿಗೆ ಉಡುಪಿ ಎಲ್ಲಿದೆಯೆಂದೇ ತಿಳಿದಿರಲಿಕ್ಕಿಲ್ಲ. ಆದರೂ ಒಬ್ಬ ವಿದುಷಿಯ ಹೆಸರು ಪುಟದಿಂದ ಜಾರಿ ಹೋಯಿತು.

ಬೆಂಗಳೂರಿನಲ್ಲೂ ಇಂಥದೇ ಜೋಡಿಯೊಂದಿತ್ತು. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳಿಗೆ ಹೆಸರು ಕೊಟ್ಟರು. ಆ ಲೇಖನಗಳಲ್ಲಿ ಕಾಣುವುದು ಎಸ್.ಕೆ. ಚಟರ್ಜಿ, ಆರ್. ಚಟರ್ಜಿ. 'ಆರ್' ಎಂಬ ಒಂದಕ್ಷರದ ಹಿಂದೆ ಆ ಕಾಲಕ್ಕೆ ಎಂಜಿನಿಯರಿಂಗ್ ಓದಲು ಸಮುದ್ರ ದಾಟಿದ ಮೈಸೂರು ಸೀಮೆಯ ಹುಡುಗಿಯಿದ್ದಾಳೆಂದು ಲೇಖನವಷ್ಟನ್ನೇ ಓದಿದವರಿಗೆ ಹೊಳೆಯುವುದು ಹೇಗೆ?

ಪೇಪರಿನ ಪೇಟೆ

ಮಣಿಪಾಲದಲ್ಲಿ ಈಗ 'ಪೇಪರ್' ಅಂದರೆ ದಿನಪತ್ರಿಕೆಯೆಂದು ತಿಳಿಯುವವರು ಕಡಿಮೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರ ಎಂಜಿನಿಯರಿಂಗ್ ಕಾಲೇಜು ಎಂಐಟಿ, 1993ರಲ್ಲಿ ಸಿಕ್ಕಿದ ಡೀಮ್ಡ್ ವಿಶ್ವವಿದ್ಯಾಲಯದ ಪಟ್ಟ, ಹೀಗೆ ಬೆಳೆಯುತ್ತ ಬಂದ ಊರಿದು. ಅಚ್ಚಿನ ಕೆಲಸವೂ ಇಲ್ಲಿಗೆ ಹೊಸದಲ್ಲ. ಮಣಿಪಾಲ್ ಪವರ್ ಪ್ರೆಸ್ ಶುರುವಾದದ್ದು 1941ರಲ್ಲಿ, 'ಉದಯವಾಣಿ' 1970ರಲ್ಲಿ, ವಿಶ್ವವಿದ್ಯಾಲಯದ್ದೇ ಪ್ರಕಾಶನ ಸಂಸ್ಥೆ 2012ರಲ್ಲಿ. ಟೈಗರ್ ಸರ್ಕಲ್‌ನ ಚಾದಂಗಡಿಗಳಲ್ಲಿ ಕಿವಿಗೊಟ್ಟು ಕೂತರೆ ಸ್ಕೋಪಸ್, ಕ್ಯೂ–ಒನ್, ರಿವಿಷನ್, ರಿಜೆಕ್ಷನ್ ಎಂಬ ಮಾತುಗಳು ಮಳೆ–ಸೆಕೆಯಷ್ಟೇ ಸಹಜವಾಗಿ ಬೀಳುತ್ತವೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲೂ ಹಾಗೇ. ಬಡ್ತಿ, ಅನುದಾನ, ರ‍್ಯಾಂಕಿಂಗ್ ಎಲ್ಲಕ್ಕೂ ಪೇಪರೇ ಆಧಾರ. ಪೇಪರ್ ಇಲ್ಲದಿದ್ದರೆ ಮೇಲೆ ಹೋಗುವ ಹಾಗಿಲ್ಲ.

ಹಾಗಾಗಿ ಯಾರ ಪೇಪರ್ ಬೇಗ ಬಂತು, ಯಾರ ಹೆಸರು ಮೊದಲಿತ್ತು, ಯಾರದನ್ನು ನಾಲ್ಕು ಜನ ಉಲ್ಲೇಖಿಸಿದರು ಎಂಬುದು ವಿದ್ವತ್ತಿನ ಮಾತಷ್ಟೇ ಅಲ್ಲ, ಅನ್ನದ ಮಾತು. ಇಲ್ಲಿ ಅರಿವಿಲ್ಲದೆ ನುಸುಳುವ ಒಂದು ಸಣ್ಣ ಒಲವೂ ಹದಿನೈದು ವರ್ಷದ ವೃತ್ತಿಯಲ್ಲಿ ದೊಡ್ಡ ಮೊತ್ತವಾಗುತ್ತದೆ.

ಈ ಒಲವಿಗೆ ಮೊದಲ ಗಟ್ಟಿ ಲೆಕ್ಕ ಸಿಕ್ಕಿದ್ದು ಸ್ವೀಡನ್ನಿನಲ್ಲಿ. ಹೆಣ್ಣು–ಗಂಡು ಸಮಾನತೆಗೆ ಹೆಸರಾದ ದೇಶ ಅದು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ 1995ರಲ್ಲಿ 62 ಗಂಡಸರು, 52 ಹೆಂಗಸರು ಫೆಲೋಶಿಪ್‌ಗೆ ಅರ್ಜಿ ಹಾಕಿದ್ದರು. ಸಿಕ್ಕಿದ್ದು 16 ಗಂಡಸರಿಗೆ, 4 ಹೆಂಗಸರಿಗೆ. ಕ್ರಿಸ್ಟೀನ್ ವೆನ್ನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಪರಿಣತರು ಕೊಟ್ಟ ಅಂಕಗಳನ್ನು ತೋರಿಸಿ ಎಂದರು. ಮಂಡಳಿ ಒಪ್ಪಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿಯೇ ಆ ಕಾಗದಗಳನ್ನು ತರಬೇಕಾಯಿತು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೆಕ್ಕ ಇಂದಿಗೂ ಉಲ್ಲೇಖವಾಗುತ್ತದೆ: ಗಂಡಸಿಗೆ ಸಿಕ್ಕಷ್ಟೇ ಅಂಕ ಹೆಣ್ಣಿಗೂ ಸಿಗಬೇಕಾದರೆ ಆಕೆಯ ಪ್ರಕಟಣೆಯ ಸಾಧನೆ ಎರಡೂವರೆ ಪಟ್ಟು ಇರಬೇಕಿತ್ತು. ಅಂಕ ಕೊಟ್ಟವರಲ್ಲಿ ಯಾರನ್ನು ಕೇಳಿದ್ದರೂ 'ನಾನು ಅರ್ಹತೆಯನ್ನಷ್ಟೇ ನೋಡಿದೆ' ಎಂದೇ ಪ್ರಾಮಾಣಿಕವಾಗಿ ಹೇಳುತ್ತಿದ್ದರೇನೋ.

ಪ್ರಾಮಾಣಿಕರೇ ಹೀಗೇಕೆ ಮಾಡುತ್ತಾರೆ ಎಂಬುದಕ್ಕೆ 2012ರ ಒಂದು ಅಮೆರಿಕನ್ ಪ್ರಯೋಗ ಬೆಳಕು ಹಾಯಿಸಿತು. ಪ್ರಯೋಗಾಲಯದ ಮ್ಯಾನೇಜರ್ ಹುದ್ದೆಗೆ ಬಂದ ಒಂದೇ ಅರ್ಜಿಯನ್ನು 127 ವಿಜ್ಞಾನ ಪ್ರಾಧ್ಯಾಪಕರಿಗೆ ಕಳಿಸಲಾಯಿತು. ಕೆಲವು ಪ್ರತಿಗಳಲ್ಲಿ ಜಾನ್ ಎಂಬ ಹೆಸರು, ಉಳಿದವುಗಳಲ್ಲಿ ಜೆನ್ನಿಫರ್. ಬೇರೆ ಒಂದಕ್ಷರವೂ ವ್ಯತ್ಯಾಸವಿಲ್ಲ. ಜಾನ್ ಹೆಚ್ಚು ಸಮರ್ಥನೆನಿಸಿದ. ಅವನಿಗೆ ಸೂಚಿಸಿದ ವರ್ಷದ ಸಂಬಳ ಸರಾಸರಿ 30,238 ಡಾಲರ್, ಜೆನ್ನಿಫರ್‌ಗೆ 26,508. ಹೆಣ್ಣು ಪ್ರಾಧ್ಯಾಪಕರೂ ಗಂಡು ಪ್ರಾಧ್ಯಾಪಕರೂ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಂಡಿದ್ದರು. 'ಗಂಡಸರ ಪಿತೂರಿ' ಎಂಬ ಸುಲಭದ ವಿವರಣೆ ಅಲ್ಲಿಗೆ ಬಿದ್ದುಹೋಯಿತು.

ಕೆಲವೊಮ್ಮೆ ಒಲವು ಮುಸುಕಿಲ್ಲದೆಯೂ ಹೊರಬೀಳುತ್ತದೆ. 2015ರಲ್ಲಿ ಫಿಯೋನಾ ಇಂಗಲ್‌ಬಿ ಎಂಬ ವಿಜ್ಞಾನಿ ಮತ್ತೊಬ್ಬ ಮಹಿಳೆಯೊಡನೆ ಸೇರಿ 'ಪ್ಲಾಸ್ ವನ್' ಜರ್ನಲ್‌ಗೆ ಲೇಖನ ಕಳಿಸಿದರು. ವಿಷಯ, ಪಿಎಚ್.ಡಿ. ಮುಗಿಸಿದ ನಂತರದ ಹಾದಿಯಲ್ಲಿ ಹೆಣ್ಣು–ಗಂಡಿನ ನಡುವೆ ಕಾಣುವ ಅಂತರ. ಒಂದಿಬ್ಬರು ಗಂಡು ಜೀವವಿಜ್ಞಾನಿಗಳನ್ನು ಜೊತೆಗೆ ಸೇರಿಸಿಕೊಳ್ಳಿ ಎಂಬುದು ಲೇಖನವನ್ನು ಪರಿಶೀಲಿಸಿದ ರಿವ್ಯೂವರ್ ಮಹಾಶಯರ ಸಲಹೆಯಾಗಿತ್ತು. ವಿಷಯ ಬಯಲಾಗಿ ಗಲಾಟೆಯಾದಾಗ ಜರ್ನಲ್ ಆ ರಿವ್ಯೂವರ್‌ನನ್ನು ಪಟ್ಟಿಯಿಂದ ತೆಗೆಯಿತು, ಲೇಖನ ನೋಡಿಕೊಳ್ಳುತ್ತಿದ್ದ ಸಂಪಾದಕರಿಗೂ ಜಾಗ ಬಿಡಲು ಹೇಳಿತು.

ಬಾಗಿಲಲ್ಲಿ ಸಿಗದ ಕಳ್ಳ

ಇಷ್ಟು ಓದಿದವರು ಜರ್ನಲ್ ಬಾಗಿಲಲ್ಲೇ ಹೆಣ್ಣುಮಕ್ಕಳನ್ನು ತಡೆಯಲಾಗುತ್ತಿದೆ ಎಂದು ತೀರ್ಮಾನಿಸಿದರೆ ತಪ್ಪಿಲ್ಲ. ಆದರೆ 2021ರಲ್ಲಿ 'ಸೈನ್ಸ್ ಅಡ್ವಾನ್ಸಸ್'ನಲ್ಲಿ ಬಂದ ದೊಡ್ಡ ಅಧ್ಯಯನವೊಂದು ಈ ತೀರ್ಮಾನವನ್ನು ಅಲುಗಿಸಿತು. 145 ಜರ್ನಲ್‌ಗಳ ಒಳಗಿನ ಕಡತಗಳನ್ನೇ ತೆರೆದು ನೋಡಿದ ಅಧ್ಯಯನ ಅದು. ಅದರಲ್ಲಿ ಬಂದುಹೋದ ಲೇಖಕರ ಸಂಖ್ಯೆ ಸುಮಾರು 17 ಲಕ್ಷ. ಹೆಣ್ಣುಮಕ್ಕಳ ಹಸ್ತಪ್ರತಿಗಳನ್ನು ರಿವ್ಯೂವರ್‌ಗಳೂ ಸಂಪಾದಕರೂ ಕೀಳಾಗಿ ಕಂಡದ್ದಕ್ಕೆ ಒಟ್ಟಾರೆ ಲೆಕ್ಕದಲ್ಲಿ ಪುರಾವೆ ಸಿಗಲಿಲ್ಲ. ಒಂದಿಷ್ಟು ಅನುಕೂಲವಾಗಿಯೇ ನೋಡಿದ ಗುರುತು ಸಿಕ್ಕಿತು.

ಈ ಫಲಿತಾಂಶವನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಹಾಗೆಂದು 'ಎಲ್ಲ ಸರಿಯಿದೆ' ಎಂದು ಎದ್ದು ಹೋಗುವುದೂ ಆಗದು. 2013ರಲ್ಲಿ 'ನೇಚರ್'ನಲ್ಲಿ ಪ್ರಕಟವಾದ ವಿಶ್ಲೇಷಣೆ 54 ಲಕ್ಷ ಲೇಖನಗಳನ್ನು ತೆಗೆದುಕೊಂಡಿತ್ತು. ಲೇಖಕರ ಸ್ಥಾನಗಳಲ್ಲಿ ಹೆಣ್ಣುಮಕ್ಕಳ ಪಾಲು 30 ಶೇಕಡಾಕ್ಕಿಂತ ಕಡಿಮೆ. ಹೆಣ್ಣುಮಕ್ಕಳು ಮುಖ್ಯ ಸ್ಥಾನದಲ್ಲಿದ್ದ ಲೇಖನಗಳಿಗೆ ಸಿಕ್ಕ ಉಲ್ಲೇಖವೂ ಕಡಿಮೆ. ಬಾಗಿಲಲ್ಲಿ ಹೆಚ್ಚು ತಡೆಯಿಲ್ಲ ಎಂದಾದರೆ ಇಷ್ಟು ಅಂತರ ಎಲ್ಲಿಂದ ಬಂತು? ಮುರಕಲ್ಲಿನ ಗೋಡೆಗೆ ಮಳೆಗಾಲದಲ್ಲಿ ತೇವ ಏರಿದ ಹಾಗೆ ಇದು. ಇಲ್ಲೇ ತೂತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ, ಗೋಡೆ ಮಾತ್ರ ಒದ್ದೆ. ಹುಡುಕಬೇಕಾದ್ದು ಬಾಗಿಲಿನ ಆಚೆ–ಈಚೆ.

ಹೊಗಳಿಕೆಯಾಗಿ ಬರುವ ಕೆಲಸ

ಸಂಶೋಧನಾ ಗುಂಪೊಂದರ ಸಾಮಾನ್ಯ ಸಂಜೆ ಹೇಗಿರುತ್ತದೆ, ನೋಡೋಣ. ಐದಾರು ಜನ ವಿದ್ಯಾರ್ಥಿಗಳು, ಒಬ್ಬರು ಗೈಡ್. ಮಾಹಿತಿ ಸಂಗ್ರಹ ಮುಗಿದಿದೆ, ಕೋಷ್ಟಕ ಮಾಡಬೇಕು, ಎಕ್ಸೆಲ್ ಹಾಳೆಯಲ್ಲಿ ತಪ್ಪು ಹುಡುಕಬೇಕು, ಗ್ರಂಥಸೂಚಿ ಜೋಡಿಸಬೇಕು. ಗೈಡ್ ಒಬ್ಬ ಹುಡುಗಿಯ ಕಡೆ ತಿರುಗುತ್ತಾರೆ. "ನಿನ್ನ ಕೆಲಸ ಭಾರೀ ನೀಟುಂಟು ಮಾರಾಯ್ತಿ, ಟೇಬಲ್ ಎಲ್ಲ ನೀನೇ ಮಾಡಿಬಿಡು." ಅದು ಹೊಗಳಿಕೆಯೇ, ಅದರಲ್ಲಿ ಕಪಟವಿಲ್ಲ. ಪಕ್ಕದ ಹುಡುಗನಿಗೆ "ನೀನು ಡಿಸ್ಕಷನ್ ಒಂದು ಡ್ರಾಫ್ಟ್ ಮಾಡು" ಎಂದರೆ ಅದರಲ್ಲೂ ಪಕ್ಷಪಾತ ಕಾಣುವುದಿಲ್ಲ. ಆದರೆ ಪೇಪರ್ ಬರೆಯಲು ಕಲಿಯುವುದು ಎರಡನೆಯ ಕೆಲಸದಲ್ಲಿ. ವಾದ ಕಟ್ಟುವವರ ಹೆಸರು ಮೊದಲಿಗೆ ಏರುತ್ತದೆ, ಕೋಷ್ಟಕ ಕಟ್ಟಿದವರದು ನಡುವಿನಲ್ಲಿ ನಿಲ್ಲುತ್ತದೆ. ಯಾರು ಏನು ಮಾಡಿದರು ಎಂದು ಲೇಖನದ ಕೊನೆಯಲ್ಲಿ ಬರೆಯುವ ಪದ್ಧತಿ ಪ್ಲಾಸ್ ಜರ್ನಲ್‌ಗಳಲ್ಲಿದೆ. ಅಂಥ 85,000ಕ್ಕೂ ಹೆಚ್ಚು ಲೇಖನಗಳನ್ನು ಜಾಲಾಡಿದ 2016ರ ಅಧ್ಯಯನದಲ್ಲಿ ಕಂಡದ್ದೂ ಇದೇ: ಪ್ರಯೋಗ ನಡೆಸಿದವರ ಸಾಲಿನಲ್ಲಿ ಹೆಣ್ಣುಮಕ್ಕಳು ಹೆಚ್ಚು, ಪ್ರಯೋಗ ಯೋಜಿಸಿದವರು, ಬರೆದವರು, ಸಾಮಗ್ರಿ ಒದಗಿಸಿದವರ ಸಾಲಿನಲ್ಲಿ ಗಂಡಸರು ಹೆಚ್ಚು.

ಹೆಸರು ಬರುವುದೇ ಇಲ್ಲದ ಪ್ರಸಂಗಗಳೂ ಇವೆ. ಅಮೆರಿಕದ ಸುಮಾರು 9,800 ಸಂಶೋಧನಾ ತಂಡಗಳಲ್ಲಿ ಸಂಬಳ ಪಡೆದವರ ಪಟ್ಟಿಯನ್ನೂ ಆ ತಂಡಗಳ ಲೇಖನಗಳಲ್ಲಿ ಬಂದ ಹೆಸರುಗಳನ್ನೂ ಪಕ್ಕಪಕ್ಕ ಇಟ್ಟು 2022ರಲ್ಲಿ ನೋಡಲಾಯಿತು. ತಂಡದಲ್ಲಿ ದುಡಿದೂ ಲೇಖನದಲ್ಲಿ ಹೆಸರು ಕಾಣುವ ಸಂಭವ ಹೆಣ್ಣುಮಕ್ಕಳಿಗೆ 13 ಶೇಕಡಾ ಕಡಿಮೆಯಿತ್ತು. ಪೇಟೆಂಟ್‌ಗಳಲ್ಲಿ ಅದು 58 ಶೇಕಡಾ ಕಡಿಮೆ.

ಹೆಸರಿನ ಕ್ರಮ ತೀರ್ಮಾನವಾಗುವುದು ಎಷ್ಟೋ ಸಲ ಅಧಿಕೃತ ಸಭೆಯಲ್ಲಲ್ಲ, ಆರು ಗಂಟೆಯ ಮೇಲಿನ ಕ್ಯಾಂಟೀನಿನಲ್ಲಿ. ಕಾರ್ಕಳದಿಂದ ಹಿರಿಯಡ್ಕ, ಪರ್ಕಳ ದಾಟಿ ದಿನವೂ ಬಂದುಹೋಗುವ ಹುಡುಗಿ ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾಳೆ. ಕಾಪುವಿನ ಮನೆಯಲ್ಲಿ ಮಗುವನ್ನು ಅತ್ತೆಯ ಕೈಗೆ ಒಪ್ಪಿಸಿ ಬಂದವಳಿಗೂ ಅಷ್ಟೇ. ಹಾಸ್ಟೆಲಿನಲ್ಲಿರುವ, ಇಲ್ಲವೇ ಬೈಕ್ ಇರುವ, ಮನೆಯಲ್ಲಿ ಊಟ ಕಾಯ್ದಿರುವ ಹುಡುಗನಿಗೆ ಆ ಅರ್ಧ ಗಂಟೆ ಸಿಗುತ್ತದೆ. ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆ 240 ದಿನಗಳ ಹೆರಿಗೆ ರಜೆಯನ್ನೂ ಅವಧಿಯಲ್ಲಿ ಎರಡು ವರ್ಷಗಳ ವಿಸ್ತರಣೆಯನ್ನೂ ಯುಜಿಸಿ 2016ರ ನಿಯಮಗಳಲ್ಲಿ ಕೊಟ್ಟಿತು. ಒಳ್ಳೆಯದೇ. ಆದರೆ ಜರ್ನಲ್‌ನ ರಿವಿಷನ್ ಗಡುವಿಗೆ ಆ ರಜೆ ತಿಳಿದಿಲ್ಲ. ಬಡ್ತಿಯ ಸಂದರ್ಶನದಲ್ಲಿ ಕೇಳುವುದೂ 'ಮೂರು ವರ್ಷದಲ್ಲಿ ಎಷ್ಟು ಪೇಪರ್' ಎಂದೇ.

ಪ್ರಕಟಿಸಿದರೂ ಗೆರೆ ದಾಟಲಾಗದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಮುಂದೆ ಭಾರತೀಯ ಹವಾಮಾನ ಉಪಕರಣಗಳ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಅನ್ನಾ ಮಣಿ 1940ರ ದಶಕದ ಮೊದಲ ಭಾಗದಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳ ಮೇಲೆ ಕೆಲಸ ಮಾಡಿದರು. ತಮ್ಮೊಬ್ಬರದೇ ಹೆಸರಿನಲ್ಲಿ ಐದು ಲೇಖನ ಪ್ರಕಟಿಸಿದರು. ಮದ್ರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ, ಎಂ.ಎಸ್ಸಿ. ಆಗಿಲ್ಲವೆಂಬ ಕಾರಣಕ್ಕೆ. ನಿಯಮ ನಿಯಮವೇ. ಯಾವ ನಿಯಮವನ್ನು ಯಾರಿಗಾಗಿ ಸಡಿಲಿಸುತ್ತೇವೆ ಎಂಬಲ್ಲಿ ಮಾತ್ರ ಮನಸ್ಸಿನ ಒಲವು ಕೆಲಸ ಮಾಡುತ್ತದೆ.

ಮೂರು ಖಾಲಿ ಚೌಕಗಳು

ಲೇಖನ ಸಲ್ಲಿಸುವ ಪರದೆಯಲ್ಲಿ ಒಂದು ಪುಟವಿದೆ. 'ನಿಮ್ಮ ಲೇಖನವನ್ನು ಪರಿಶೀಲಿಸಬಲ್ಲ ಮೂವರ ಹೆಸರು, ಸಂಸ್ಥೆ, ಇಮೇಲ್ ಕೊಡಿ.' ಸಂಶೋಧಕರು ಎಲ್ಲ ಮುಗಿಸಿ ಸುಸ್ತಾಗಿ ತಲುಪುವ ಪುಟ ಇದು. ಆ ಹೊತ್ತಿಗೆ ನೆನಪಿಗೆ ಬಂದವರ ಹೆಸರನ್ನು ತುಂಬಿಸುವುದೇ ವಾಡಿಕೆ. ಹೋದ ವರ್ಷದ ಸಮ್ಮೇಳನದಲ್ಲಿ ಊಟಕ್ಕೆ ಜೊತೆಗೆ ಕೂತವರು, ಗೈಡ್‌ನ ಗೆಳೆಯರು, ಪಠ್ಯಪುಸ್ತಕದಲ್ಲಿ ಹೆಸರಿರುವವರು. ಅವರೆಲ್ಲ ಹೆಚ್ಚಾಗಿ ಗಂಡಸರೇ ಆಗಿರುತ್ತಾರೆ. ಸಂಪಾದಕರ ಕುರ್ಚಿಯಲ್ಲಿ ಕೂತವರಿಗೂ ಹೀಗೆಯೇ. 'ಫ್ರಾಂಟಿಯರ್ಸ್' ಸಮೂಹದ ಸುಮಾರು 41,000 ಲೇಖನಗಳನ್ನು ಆಧರಿಸಿ 2017ರಲ್ಲಿ ನಡೆದ ಅಧ್ಯಯನದಲ್ಲಿ ಸಂಪಾದಕರು ತಮ್ಮದೇ ಲಿಂಗದವರನ್ನು ರಿವ್ಯೂವರ್ ಆಗಿ ಆರಿಸುವ ಪ್ರವೃತ್ತಿ ಸ್ಪಷ್ಟವಾಗಿ ಕಂಡಿತು. ಹೆಣ್ಣು ಸಂಪಾದಕರಲ್ಲೂ ಈ ಒಲವಿತ್ತು. ಆದರೆ ಸಂಪಾದಕರಲ್ಲಿ ಗಂಡಸರೇ ಹೆಚ್ಚಿದ್ದರೆ ಫಲ ಏನೆಂದು ಹೇಳಬೇಕಿಲ್ಲ.

ರಿವ್ಯೂ ಮಾಡುವುದು ಬಿಟ್ಟಿ ಚಾಕರಿ ಎಂದು ತೋರಬಹುದು. ಅಲ್ಲಿ ಕೂತವರಿಗೆ ಮಾತ್ರ ಮುಂದಿನ ವರ್ಷ ಅಚ್ಚಾಗುವುದು ಈ ವರ್ಷವೇ ತಿಳಿಯುತ್ತದೆ, ಸಂಪಾದಕರ ಪರಿಚಯವಾಗುತ್ತದೆ, ಸಂಪಾದಕ ಮಂಡಳಿಗೆ ಏರುವ ಏಣಿ ಸಿಗುತ್ತದೆ.

ಇನ್ನು ಅಚ್ಚಾದ ಮೇಲಿನ ಬದುಕು. 1779ರಿಂದ 2011ರವರೆಗಿನ 15 ಲಕ್ಷ ಲೇಖನಗಳನ್ನು ನೋಡಿದ ಅಧ್ಯಯನ ಹೇಳಿದ್ದು, ಗಂಡಸರು ತಮ್ಮದೇ ಹಿಂದಿನ ಲೇಖನಗಳನ್ನು ಹೆಂಗಸರಿಗಿಂತ 56 ಶೇಕಡಾ ಹೆಚ್ಚು ಉಲ್ಲೇಖಿಸಿಕೊಳ್ಳುತ್ತಾರೆ ಎಂದು. ಇದನ್ನು ಗಂಡಸರ ಜಂಭವೆಂದು ನಗುವ ಮೊದಲು 2018ರ ಇನ್ನೊಂದು ಅಧ್ಯಯನವನ್ನೂ ಗಮನಿಸಬೇಕು. ಹೆಚ್ಚು ಪ್ರಕಟಿಸಿದವರು ಹೆಣ್ಣಾಗಲಿ ಗಂಡಾಗಲಿ ತಮ್ಮನ್ನು ತಾವು ಹೆಚ್ಚು ಉಲ್ಲೇಖಿಸಿಕೊಳ್ಳುತ್ತಾರೆ ಎಂದು ಅದು ತೋರಿಸಿತು. ಅಂದರೆ ಮೊದಲ ಐದು ವರ್ಷದಲ್ಲಿ ಕೋಷ್ಟಕ ಮಾಡುತ್ತ ಹಿಂದೆ ಬಿದ್ದವಳಿಗೆ ಹತ್ತನೆಯ ವರ್ಷದಲ್ಲಿ ಉಲ್ಲೇಖಿಸಿಕೊಳ್ಳಲು ತನ್ನದೇ ಲೇಖನಗಳು ಕಡಿಮೆ. ಬಡ್ಡಿ ಬೆಳೆಯುವುದು ಅಸಲಿರುವ ಕಡೆಯಲ್ಲೇ. ಉಳಿದವರ ಉಲ್ಲೇಖದಲ್ಲೂ ಸಮತೋಲವಿಲ್ಲ. ನರವಿಜ್ಞಾನದ ಐದು ಪ್ರಮುಖ ಜರ್ನಲ್‌ಗಳನ್ನು ನೋಡಿದ 2020ರ ಅಧ್ಯಯನದಲ್ಲಿ ಗಂಡಸರು ಮುಂದಾಳುಗಳಾದ ಲೇಖನಗಳು ನಿರೀಕ್ಷೆಗಿಂತ ಹೆಚ್ಚು ಉಲ್ಲೇಖ ಪಡೆದಿದ್ದವು. ಹಾಗೆ ಉಲ್ಲೇಖಿಸಿದವರೂ ಹೆಚ್ಚಾಗಿ ಗಂಡಸರೇ.

ಹೆಸರು ಮರೆಸಿದರೆ ಸಾಕೇ?

ಹೆಸರೇ ತೊಂದರೆಯಾದರೆ ಹೆಸರನ್ನೇ ಮುಚ್ಚಿಬಿಡೋಣ ಎಂಬುದು ತಟ್ಟನೆ ಹೊಳೆಯುವ ಪರಿಹಾರ. ಈ ಉಪಾಯವನ್ನು ನಮ್ಮ ಸೀಮೆಯಲ್ಲಿ ಒಬ್ಬರು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಬಳಸಿ ನೋಡಿದ್ದಾರೆ. ಕಾರ್ಕಳ ತಾಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯಲ್ಲಿ ಮೇಷ್ಟ್ರಾಗಿದ್ದವರು. ತಾವೇ ಬರೆದ ಹಳಗನ್ನಡದ ಕೃತಿಗಳನ್ನು ಹಳೆಯ ಕವಿಯ ಪ್ರತಿ ಸಿಕ್ಕಿದೆಯೆಂಬಂತೆ ಮೈಸೂರಿನ ಸಂಪಾದಕರಿಗೆ ಕಳಿಸಿಕೊಟ್ಟರು. 'ಅದ್ಭುತ ರಾಮಾಯಣ', 'ಶ್ರೀರಾಮಾಶ್ವಮೇಧ' ಹಾಗೆಯೇ ಅಚ್ಚಾದವು. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ 31 ವರ್ಷ. ಅವೆಲ್ಲ ಅವರವೇ ಎಂದು ಲೋಕ ಒಪ್ಪಿದ್ದು ಆಮೇಲೆ. ಕರಾವಳಿಯ ಯಾವುದೋ ಶಾಲೆಯ ಬಡ ಮೇಷ್ಟ್ರ ಹೆಸರು ಕಂಡರೆ ಮೈಸೂರು ಬೇರೆ ಕಣ್ಣಿನಿಂದ ಓದೀತು ಎಂಬ ಅಂಜಿಕೆ ಅವರಿಗಿದ್ದಿರಬೇಕು. ಅಲ್ಲಿದ್ದದ್ದು ಊರು–ಅಂತಸ್ತಿನ ಪ್ರಶ್ನೆ, ಇಲ್ಲಿರುವುದು ಹೆಣ್ಣು–ಗಂಡಿನ ಪ್ರಶ್ನೆ. ಓದುವ ಮೊದಲೇ ಹೆಸರು ತೂಕ ಹಾಕಿಬಿಡುತ್ತದೆ ಎಂಬುದು ಎರಡಕ್ಕೂ ಸಮಾನ.

ಜರ್ನಲ್‌ಗಳಲ್ಲಿ ಇದರ ಈಗಿನ ರೂಪವೆಂದರೆ ಲೇಖಕರಿಗೆ ರಿವ್ಯೂವರ್ ಯಾರೆಂದೂ ರಿವ್ಯೂವರ್‌ಗೆ ಲೇಖಕರು ಯಾರೆಂದೂ ತಿಳಿಸದ 'ಡಬಲ್ ಬ್ಲೈಂಡ್' ಪದ್ಧತಿ. 'ಬಿಹೇವಿಯರಲ್ ಇಕಾಲಜಿ' ಎಂಬ ಜರ್ನಲ್ 2001ರಲ್ಲಿ ಇದನ್ನು ತಂದ ಮೇಲೆ ಹೆಣ್ಣು ಮೊದಲ ಲೇಖಕಿಯಾಗಿರುವ ಲೇಖನಗಳು ಹೆಚ್ಚಿದವು ಎಂದು 2008ರಲ್ಲಿ ಒಂದು ತಂಡ ಹೇಳಿತು. ಅದೇ ವರ್ಷ ಇನ್ನೊಂದು ತಂಡ ಎದ್ದು, ಹೆಸರು ಮುಚ್ಚದ ಇತರ ಜರ್ನಲ್‌ಗಳಲ್ಲೂ ಆ ಕಾಲದಲ್ಲಿ ಇಂಥದೇ ಏರಿಕೆಯಿತ್ತಲ್ಲ ಎಂದಿತು. ವಾದ ಇನ್ನೂ ಪೂರ್ತಿ ತೀರಿಲ್ಲ. 2015ರಲ್ಲಿ ನೇಚರ್ ಸಮೂಹದ ಜರ್ನಲ್‌ಗಳು 'ಬೇಕಾದವರು ಹೆಸರು ಮುಚ್ಚಿಕೊಳ್ಳಿ' ಎಂದವು. ಆರಿಸಿಕೊಂಡವರು ಸುಮಾರು 12 ಶೇಕಡಾ ಮಾತ್ರ. ಅವರಲ್ಲಿ ಹೆಣ್ಣುಮಕ್ಕಳ ಪಾಲು ಹೆಚ್ಚೇನೂ ಇರಲಿಲ್ಲ. ಹೆಚ್ಚು ಕಂಡದ್ದು ಭಾರತ, ಚೀನಾದಂಥ ದೇಶಗಳವರು. ನಮ್ಮವರಿಗೆ ಹೆಣ್ಣೆಂಬುದಕ್ಕಿಂತ ಮೊದಲು ಊರಿನ ಹೆಸರೇ ಅಡ್ಡ ಬರುತ್ತದೆಂಬ ಅನುಮಾನ ಇರಬೇಕು.

ನಮ್ಮ ಹೆಸರುಗಳ ಪಾಡೂ ಬೇರೆ. ಶೆಟ್ಟಿ, ಪೂಜಾರಿ, ಭಟ್, ಕಾಮತ್, ಡಿಸೋಜ ಎಂಬ ಹೆಸರುಗಳ ಮುಂದೆ ಬರೀ ಒಂದು 'ಎಸ್' ಇದ್ದರೆ ಹೆಣ್ಣೋ ಗಂಡೋ ಸ್ಟಾಕ್‌ಹೋಮ್‌ನ ರಿವ್ಯೂವರ್‌ಗೆ ತಿಳಿಯುವುದಿಲ್ಲ. ಒಂದು ರೀತಿಯಲ್ಲಿ ಅದು ರಕ್ಷಣೆ. ಆದರೆ ಅದೇ ಕಾರಣಕ್ಕೆ, ಹೆಸರಿನಿಂದ ಲಿಂಗ ಗುರುತಿಸುವ ಜಾಗತಿಕ ಲೆಕ್ಕಗಳಿಂದ ಇನಿಷಿಯಲ್‌ನ ನಮ್ಮವರು ಹೊರಗೆ ಉಳಿಯುತ್ತಾರೆ. ಮದುವೆಯ ಮೇಲೆ ಇನಿಷಿಯಲ್ಲೋ ಕುಲನಾಮವೋ ಬದಲಾದರೆ ಇನ್ನೊಂದು ಪೇಚು. ಮೊದಲ ನಾಲ್ಕು ಪೇಪರ್ ಒಬ್ಬರವು, ಆಮೇಲಿನ ಆರು ಇನ್ನೊಬ್ಬರವು ಎಂದು ಕಂಪ್ಯೂಟರ್ ಎಣಿಸುತ್ತದೆ. ತಾಯಿಯ ಕಡೆಯಿಂದ ಮನೆತನ ಎಣಿಸುತ್ತಿದ್ದ ಅಳಿಯಕಟ್ಟಿನ ನಾಡಿನ ಹೆಣ್ಣುಮಕ್ಕಳಿಗೂ ಈ ಪಾಡು ತಪ್ಪಿಲ್ಲ. 2012ರಲ್ಲಿ ಶುರುವಾದ 'ಆರ್ಕಿಡ್' ಎಂಬ 16 ಅಂಕೆಗಳ ಗುರುತು ಈ ತೊಡಕನ್ನು ಬಿಡಿಸುತ್ತದೆ. ಪಿಎಚ್.ಡಿ.ಗೆ ಸೇರಿದ ವಾರದಲ್ಲೇ, ಮೊದಲ ಪೇಪರಿಗೂ ಮೊದಲು, ಪ್ರತಿ ವಿದ್ಯಾರ್ಥಿನಿಯ ಕೈಗೂ ಇದು ಸಿಗಬೇಕು. ಖರ್ಚೇನೂ ಇಲ್ಲ.

ಹೆಸರು ಮುಚ್ಚುವ ಉಪಾಯಕ್ಕೆ ಇನ್ನೊಂದು ಮಿತಿಯಿದೆ. ಕ್ಷೇತ್ರ ಸಣ್ಣದಾದಷ್ಟೂ ಮುಸುಕು ತೆಳ್ಳಗಾಗುತ್ತದೆ. ತುಳು ಪಾಡ್ದನದ ಮೇಲಿನ ಲೇಖನವೊಂದು ಬಂದರೆ, ಯಾವ ಊರಿನ ಹೇಳಿಕೆ ಬಳಸಿದ್ದಾರೆ ಎಂದು ನೋಡಿಯೇ ಇದು ಇಂಥವರದ್ದು ಎಂದು ಹೇಳಬಲ್ಲವರು ಉಡುಪಿ–ಮಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಮುಖ್ಯವಾಗಿ, ಮುಸುಕು ಬಾಗಿಲಲ್ಲಿ ಮಾತ್ರ. ಕ್ಯಾಂಟೀನಿನಲ್ಲಿ, ಮೂರು ಖಾಲಿ ಚೌಕಗಳ ಮುಂದೆ, ಗ್ರಂಥಸೂಚಿಯಲ್ಲಿ ಮುಸುಕು ಇಲ್ಲ.

ಲೆಕ್ಕ ಇಟ್ಟವರು

ಹಾಗಾದರೆ ಅಧ್ಯಾಪಕರನ್ನು ಕೂಡಿಸಿ ಅರಿವು ಮೂಡಿಸುವ ಕಾರ್ಯಾಗಾರ ನಡೆಸಿದರೆ? ಬ್ಯಾನರ್, ದೀಪ, ಚಾ, ಪ್ರಮಾಣಪತ್ರ ಎಲ್ಲ ಆಗುತ್ತದೆ. 2019ರಲ್ಲಿ 492 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ ಉತ್ತರ ನಿರಾಶೆಯದು. ಒಳಗಿನ ಒಲವನ್ನು ಅಳೆಯುವ ಪರೀಕ್ಷೆಯಲ್ಲಿ ಸ್ವಲ್ಪ ಬದಲಾವಣೆ ತರಬಹುದು, ಆದರೆ ಅದರಿಂದ ನಡವಳಿಕೆ ಬದಲಾಗುತ್ತದೆ ಎನ್ನಲು ಆಧಾರವಿಲ್ಲ. ಅರಿವಿಲ್ಲದೆ ಆಗುವುದನ್ನು ಅರಿವಿನ ಭಾಷಣದಿಂದ ತಡೆಯಲು ಹೊರಡುವುದರಲ್ಲೇ ಎಡವಟ್ಟಿದೆ.

ಫಲ ಕೊಡುವುದು ಎಣಿಕೆ. ಅದಕ್ಕೆ ಸಾಕ್ಷಿಯೂ ಸ್ವೀಡನ್ನೇ. 1997ರ ಗಲಾಟೆಯ ನಂತರ ಅಲ್ಲಿನ ಮಂಡಳಿಯ ಮೇಲೆ ಎಲ್ಲರ ಕಣ್ಣಿತ್ತು. 2004ರ ಅರ್ಜಿಗಳನ್ನು ಬೇರೆ ಸಂಶೋಧಕರು ಮತ್ತೆ ಅದೇ ಬಗೆಯಲ್ಲಿ ಪರೀಕ್ಷಿಸಿದಾಗ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ನಷ್ಟ ಮಾಯವಾಗಿತ್ತು, ಬದಲಿಗೆ ಸ್ವಲ್ಪ ಲಾಭವೇ ಕಂಡಿತು. ಪರಿಚಿತರಿಗೆ ಸಿಗುತ್ತಿದ್ದ ಹೆಚ್ಚಿನ ಅಂಕ ಮಾತ್ರ ಹಾಗೆಯೇ ಉಳಿದಿತ್ತು. ಒಂದು ಮಾಯವಾಗಿ ಇನ್ನೊಂದು ಉಳಿದದ್ದೇಕೆ? ಹೆಣ್ಣೆಷ್ಟು ಗಂಡೆಷ್ಟು ಎಂದು ಯಾರು ಬೇಕಾದರೂ ಎಣಿಸಬಹುದು. ಪರಿಚಯವನ್ನು ಎಣಿಸುವುದು ಅಷ್ಟು ಸಲೀಸಲ್ಲ.

ನಮ್ಮಲ್ಲೂ ಎಣಿಸುವವರು ಎದ್ದಿದ್ದಾರೆ. ಭೌತವಿಜ್ಞಾನಿ ರೋಹಿಣಿ ಗೋಡ್ಬೋಲೆ ಅವರು ವಿಜ್ಞಾನಿ ರಾಮ್ ರಾಮಸ್ವಾಮಿಯವರೊಂದಿಗೆ ಸಂಪಾದಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಹೊರತಂದ 'ಲೀಲಾವತೀಸ್ ಡಾಟರ್ಸ್' ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕನ್ನು ಒಂದೆಡೆ ತಂದಿತು. 2020ರಲ್ಲಿ ಇಬ್ಬರು ಮಹಿಳಾ ವಿಜ್ಞಾನಿಗಳು ಶುರುಮಾಡಿದ 'ಬಯಾಸ್‌ವಾಚ್‌ಇಂಡಿಯಾ' ವಿಜ್ಞಾನ ಸಮ್ಮೇಳನಗಳ ಕರೆಯೋಲೆಯಲ್ಲಿ ಹೆಣ್ಣು ಭಾಷಣಕಾರರು ಎಷ್ಟು ಎಂದು ಎಣಿಸಿ ಬಹಿರಂಗವಾಗಿ ಹೇಳತೊಡಗಿತು. 98 ವಿಶ್ವವಿದ್ಯಾಲಯ, ಸಂಸ್ಥೆಗಳನ್ನು ನೋಡಿ ವಿಜ್ಞಾನ–ತಂತ್ರಜ್ಞಾನ ವಿಭಾಗಗಳ ಅಧ್ಯಾಪಕರಲ್ಲಿ ಮಹಿಳೆಯರು ಸುಮಾರು 17 ಶೇಕಡಾ ಎಂದು ಲೆಕ್ಕ ಹಾಕಿದ್ದೂ ಅವರೇ.

ಉಡುಪಿ ಜಿಲ್ಲೆಯ ಯಾವುದೇ ಕಾಲೇಜು, ಯಾವುದೇ ವಿಭಾಗ ಇದನ್ನು ನಾಳೆಯೇ ಮಾಡಬಹುದು. ಒಂದು ಹಾಳೆ ಸಾಕು. ವರ್ಷದ ಪ್ರತಿ ಪೇಪರಿಗೆ ಒಂದು ಸಾಲು: ಕೆಲಸ ಮಾಡಿದವರು ಯಾರು, ಹೆಸರು ಬಂದವರು ಯಾರು, ಮೊದಲ ಹೆಸರು ಯಾರದು, ಪತ್ರವ್ಯವಹಾರದ ಲೇಖಕರು ಯಾರು, ಸೂಚಿಸಿದ ಮೂವರು ರಿವ್ಯೂವರ್‌ಗಳು ಯಾರು. ಹೆಸರಿನ ಕ್ರಮವನ್ನು ಕೆಲಸ ಶುರುವಾಗುವ ಮೊದಲೇ, ಹಗಲು ಹೊತ್ತಿನಲ್ಲಿ, ಎಲ್ಲರ ಎದುರು ಬರೆದಿಡುವುದು. ಊರಿನಿಂದ ಹೊರಡುವ ಜರ್ನಲ್‌ಗಳ ಸಂಪಾದಕರು ವರ್ಷಕ್ಕೊಮ್ಮೆ ಬಂದ ಲೇಖನ, ಸ್ವೀಕರಿಸಿದ ಲೇಖನ, ಕರೆದ ರಿವ್ಯೂವರ್‌ಗಳನ್ನು ಹೆಣ್ಣು–ಗಂಡು ಎಂದು ಎಣಿಸಿ ಅದೇ ಜರ್ನಲ್‌ನಲ್ಲಿ ಅಚ್ಚು ಹಾಕುವುದು. ಉಲ್ಲೇಖದಲ್ಲಿ ಒಂದೇ ಕುಲನಾಮದ ಇಬ್ಬರಿದ್ದರೆ ಪೂರ್ತಿ ಹೆಸರು ಬರೆಯಲು ಶೈಲಿ ಅಡ್ಡ ಬಂದರೆ, ಕನಿಷ್ಠ ವಾಕ್ಯದೊಳಗಾದರೂ ಇಬ್ಬರ ಹೆಸರನ್ನೂ ಹೇಳುವುದು.

ಇದರಲ್ಲಿ ಯಾರ ಮೇಲೂ ಆರೋಪವಿಲ್ಲ, ಯಾರಿಗೂ ಮೀಸಲಾತಿ ಕೇಳಿಲ್ಲ. 'ನಮ್ಮ ವಿಭಾಗದಲ್ಲಿ ಅಂಥದ್ದೇನೂ ಇಲ್ಲ, ಇಲ್ಲಿ ಹುಡುಗಿಯರೇ ಹೆಚ್ಚು' ಎನ್ನುವ ಮುಖ್ಯಸ್ಥರು ಬಹಳ ಜನ. ಅವರ ಮಾತು ನಿಜವೂ ಆಗಿರಬಹುದು. ಮೂರು ವರ್ಷ ಈ ಹಾಳೆಯನ್ನು ತುಂಬಿದರೆ ಅದನ್ನು ತೋರಿಸಲು ಅವರ ಕೈಯಲ್ಲೊಂದು ದಾಖಲೆ ಇರುತ್ತದೆ. ನಿಜವಲ್ಲದಿದ್ದರೆ, ಎಲ್ಲಿ ಸರಿಪಡಿಸಬೇಕೆಂದು ಅದೇ ಹಾಳೆ ಹೇಳುತ್ತದೆ.